ಹಾಲು ನಿಲ್ಲಿಸಬೇಡ ತಂಗೀ

ತಂಗೀ, ನಿನ್ನ ಮೆಸೇಜ್ ಈಗ ನೋಡಿದೆ. ನಾನು ಕೊಟ್ಟಿಗೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಗ್ರೂಪಿನಲ್ಲಿ ಒಬ್ಬೊಬ್ಬರದ್ದು ಒಂದೊಂದು ಔಷಧಿ. ನಿನ್ನ ಮಾಣಿ ಕೇಕ್ ತಿಂದ, ತುಟಿ ಊದಿತು. ರಕ್ತ ಪರೀಕ್ಷೆಯಲ್ಲಿ ಮೊಟ್ಟೆ, ಹಾಲು ಎರಡಕ್ಕೂ ಪಾಸಿಟಿವ್ ಬಂತು. ಈಗ ಹಾಲು ಬಿಡಿಸಬೇಕಾ ಅಂತ ಕೇಳಿದ್ದೀಯ. ಅವನು ದಿನಾ ಹಾಲು ಕುಡಿಯುವವ, ಅಲ್ವಾ? ಕುಡಿದು ಇವತ್ತಿನವರೆಗೆ ಏನೂ ಆಗಲಿಲ್ಲ ತಾನೇ? ಹಾಗಾದರೆ ಬರೀ ರಿಪೋರ್ಟ್ ನೋಡಿ ಹಾಲು ನಿಲ್ಲಿಸಬೇಡ.

ನಮ್ಮ ಮಗಳ ಮಾಣಿಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಅವನಿಗೆ ಆಗಿದ್ದು ಮೈ ತುರಿಕೆ, ಅಷ್ಟೇ. ಯಾವುದೋ ಲ್ಯಾಬಿನಲ್ಲಿ ಪ್ಯಾಕೇಜ್ ಅಂತ ಒಮ್ಮೆಲೇ ಉದ್ದ ಪಟ್ಟಿ ಟೆಸ್ಟ್ ಮಾಡಿದರು. ಹಾಲಿನ ಎದುರು ಕೆಂಪು ಗುರುತು. ಡಾಕ್ಟರರೊಬ್ಬರು ಅದನ್ನೇ ನೋಡಿ ಹಾಲು, ಮೊಸರು, ತುಪ್ಪ ಎಲ್ಲ ಬಂದ್ ಅಂದುಬಿಟ್ಟರು. ಕೊಟ್ಟಿಗೆ ತುಂಬ ದನ, ಮೊಮ್ಮಗನಿಗೆ ಒಂದು ಚಮಚ ತಂಬುಳಿ ಇಲ್ಲ! ಬೇರೆ ಮಕ್ಕಳು ಮಜ್ಜಿಗೆ ಸುರಿದುಕೊಂಡು ಉಣ್ಣುವಾಗ ಇವನು ಒಣ ಅನ್ನ ಕಲಸುತ್ತ ಕೂರುತ್ತಿದ್ದ. ತೂಕ ಏರಲೇ ಇಲ್ಲ. ಕೊನೆಗೆ ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರರ ಮೊದಲ ಪ್ರಶ್ನೆ, "ಹಾಲು ಕುಡಿದಾಗ ಏನಾಗಿತ್ತು?" ಏನೂ ಆಗಿರಲಿಲ್ಲ! ಎದುರಿಗೇ ಕೂರಿಸಿಕೊಂಡು ಹನಿಯಿಂದ ಶುರು ಮಾಡಿ, ಕಾದು ಕಾದು, ಒಂದು ಲೋಟದವರೆಗೆ ಕುಡಿಸಿದರು. ಒಂದು ಗುಳ್ಳೆ ಏಳಲಿಲ್ಲ. ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿ ಟೆಸ್ಟಿನಲ್ಲಿ ಅಳೆಯುವ ಪ್ರತಿಕಾಯ, ಕಂಡ ಮಾತ್ರಕ್ಕೆ ಅಲರ್ಜಿ ಅಲ್ಲವಂತೆ. ಅಂಥ ಮಕ್ಕಳಿಗೆ ವರ್ಷಗಟ್ಟಲೆ ಬಿಡಿಸಿದರೆ ಆಮೇಲೆ ನಿಜವಾದ ಅಲರ್ಜಿಯೇ ತಿರುಗಿಕೊಳ್ಳಬಹುದಂತೆ. ಅದಕ್ಕೇ ಮತ್ತೆ ಹೇಳುತ್ತೇನೆ, ಕುಡಿದು ಅರಗಿಸಿಕೊಳ್ಳುವ ಹಾಲನ್ನು ಕಾಗದ ನೋಡಿ ನಿಲ್ಲಿಸಬೇಡ.

ಅಷ್ಟು ದಿನ ಮಗಳು ಕೇಳಿದ ಮಾತೇನು ಕಡಿಮೆಯಾ! ಬಸುರಿಯಲ್ಲಿ ಇವಳೇ ಸರಿಯಾಗಿ ಉಣ್ಣಲಿಲ್ಲ ಅಂತ ಅವಳ ಅತ್ತೆ ಮನೆಯವರು ಊರೆಲ್ಲ ಹೇಳಿದರು. ಉಪನಯನದ ಮನೆಯಲ್ಲಿ ನನ್ನೆದುರೇ ಅಂದರು. ಮಾಣಿ ಲೋಟ ಖಾಲಿ ಮಾಡಿದ ಮೇಲೆ ಒಬ್ಬರಾದರೂ ಫೋನ್ ಮಾಡಲಿಲ್ಲ. ಹೋಗಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಣೆಬರಹವೂ ಹಾಗೇ ಇದೆ. ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿಗೆ ಓಡು, ಇಲ್ಲ ಮಣಿಪಾಲಕ್ಕೆ ಓಡು. ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಕೂಗಿದೆವು! ವೋಟು ಕೇಳಲು ಮಾತ್ರ ಮನೆ ಬಾಗಿಲಿಗೆ ಬರುತ್ತಾರೆ.

ಅಯ್ಯೋ, ಮುಖ್ಯ ಮಾತೇ ಬಿಟ್ಟೆ. ಮೊಟ್ಟೆ! ಅದು ಬೇರೆ ಲೆಕ್ಕ. ತಿಂದು ತುಟಿ ಊದಿದೆ, ರಕ್ತದಲ್ಲೂ ಬಂದಿದೆ. ಅದನ್ನು ಪೂರ್ತಿ ದೂರ ಇಡು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ ಅಂತ ಸುಮ್ನೆ ಕೂರಬೇಡ, ಬೇಕರಿ ಸಾಮಾನು ಇದೆಯಲ್ಲ. ಬೇಯಿಸಿದ ಮೊಟ್ಟೆ ಎಷ್ಟೋ ಮಕ್ಕಳಿಗೆ ಒಗ್ಗುತ್ತದೆ, ಇವನಿಗೆ ಕೇಕೇ ಒಗ್ಗಲಿಲ್ಲ. ಮನೆಯಲ್ಲಿ ಕೊಟ್ಟು ನೋಡುವ ಪ್ರಯೋಗ ಬೇಡ.

ರಿಪೋರ್ಟಿನಲ್ಲಿ ಐಜಿಇ ನಂಬರ್ ಕಡಿಮೆ ಇದೆ ಅಂತ ನಿನ್ನ ಭಾವ ಗ್ರೂಪಿನಲ್ಲಿ ಬರೆದಿದ್ದಾನೆ. ನಂಬರ್ ಜಾಸ್ತಿ ಇದ್ದರೆ ಅಲರ್ಜಿ ಇರುವ ಸಂಭವ ಜಾಸ್ತಿ, ಅಷ್ಟೇ. ಎಷ್ಟು ಜೋರಾಗಿ ಆದೀತು ಅಂತ ಅದು ಹೇಳುವುದಿಲ್ಲ. ಮೊಟ್ಟೆಯ ಐಜಿಇ 7 ಯೂನಿಟ್ (kU/L), ಹಾಲಿನದ್ದು 15 ದಾಟಿದರೆ ನೂರಕ್ಕೆ 95 ಪಾಲು ಅಲರ್ಜಿಯೇ ಅಂತ 2001ರಲ್ಲಿ ಅಮೆರಿಕದಲ್ಲಿ ಗೆರೆ ಹಾಕಿದ್ದು. ಎರಡು ವರ್ಷದೊಳಗಿನವರಿಗೆ ಆ ಗೆರೆ ಇನ್ನೂ ಕೆಳಗೆ. ನಿನ್ನ ಮಾಣಿಗೆ ಇನ್ನೂ ಎರಡು ತುಂಬಿಲ್ಲ, ಹಾಗಾಗಿ ನಂಬರ್ ಕಡಿಮೆ ಅಂತ ಮೊಟ್ಟೆ ಕೊಡಬೇಡ.

ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟ್ ಜೊತೆ ಇದನ್ನೂ ಬರೆದುಕೊಂಡು ಹೋಗು: ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿಗೆ ಊದಿತು. ಜೋರು ಅಲರ್ಜಿಯಾದಾಗ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಮನೆಯಲ್ಲಿ ಇಡಬೇಕಾ ಅಂತ ಕೇಳು. ಉಸಿರು ಕಟ್ಟಿದರೆ, ಮಂಕಾದರೆ ಸೀದಾ ಆಸ್ಪತ್ರೆಗೆ, ಗ್ರೂಪಿಗೆ ಮೆಸೇಜ್ ಹಾಕುತ್ತ ಕೂರಬೇಡ. ದಡಾರದ ಚುಚ್ಚುಮದ್ದು ತಪ್ಪಿಸಬೇಡ, ಮೊಟ್ಟೆ ಅಲರ್ಜಿ ಇದ್ದವರಿಗೂ ಅದನ್ನು ಕೊಡುತ್ತಾರೆ. ಇಡುತ್ತೇನೆ, ಕುಕ್ಕರ್ ಕೂಗುತ್ತಿದೆ.