ಲೀಗ್ ಕಬಡ್ಡಿ ಆಡಿದ ತಮ್ಮ ಪೊಲೀಸ್ ಭರ್ತಿಗೆ ಹೊರಟಿದ್ದಾನೆ, ದಾರಿ ಗೊತ್ತಿರುವವರು ಹೇಳಿ

ಭಾಂಡೂಪ್ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾವು ಭಾಂಡೂಪ್‌ನಲ್ಲಿ ಇರುವವರು, ಊರು ಕುಂದಾಪುರ ಕಡೆ. ಅಪ್ಪನದು ಹೋಟೆಲ್. ನನ್ನ ತಮ್ಮ ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲೇ, ಈಗ 29 ವರ್ಷ. ಪರೇಲ್, ಪ್ರಭಾದೇವಿ ಕಡೆಯ ಮಂಡಳಗಳಲ್ಲಿ ಕಬಡ್ಡಿ ಆಡುತ್ತಾ ಬೆಳೆದು, ರಾಜ್ಯ ತಂಡದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪದಕ ತಂದು, ಆಮೇಲೆ ಪ್ರೊ ಕಬಡ್ಡಿಯಲ್ಲೂ ರೇಡರ್ ಆಗಿ ಆಡಿದ. ಲೀಗಿನ ಕಳೆದ ಆಟಗಾರರ ಹರಾಜಿನಲ್ಲಿ ಯಾವ ತಂಡವೂ ತೆಗೆದುಕೊಳ್ಳಲಿಲ್ಲ.

ಈಗ ಪೊಲೀಸ್ ಕಾನ್‌ಸ್ಟೇಬಲ್ ಆಗುತ್ತೇನೆ ಅನ್ನುತ್ತಾನೆ. ಸುಮ್ನೆ ಹೇಳುತ್ತಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಓಡೋಕೆ ಶುರು ಮಾಡಿದ್ದಾನೆ. ಅಪ್ಪನಿಗೆ ಇದು ಇಷ್ಟ ಇಲ್ಲ. "ಟಿವಿಯಲ್ಲಿ ಕಂಡ ಹುಡುಗ ಸಿಗ್ನಲ್‌ನಲ್ಲಿ ನಿಲ್ಲಬೇಕಾ, ಬಂದು ಗಲ್ಲಾದಲ್ಲಿ ಕೂರಲಿ" ಅನ್ನುತ್ತಾರೆ. ನನಗೆ ತಮ್ಮನ ಯೋಚನೆಯೇ ಸರಿ ಅನಿಸುತ್ತಿದೆ. ಆದರೆ ಈ ವಯಸ್ಸಿನಲ್ಲಿ ಆಗುತ್ತಾ? ಲೀಗ್ ಆಡಿದ್ದು ಲೆಕ್ಕಕ್ಕೆ ಬರುತ್ತಾ? ಅವನು ಏಳನೇ ಕ್ಲಾಸಿನವರೆಗೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವನು, 12ನೇ ಕ್ಲಾಸ್ ಮುಗಿಸಿದ್ದಾನೆ, ಮುಂದೆ ಓದಿಲ್ಲ.

ನಾಯ್ಗಾಂವ್ ಓಟಗಾರ:

ಅಕ್ಕ, ನಾನು ಅಥ್ಲೆಟಿಕ್ಸ್‌ನಿಂದ ಬಂದವನು, ಕ್ರೀಡಾ ಕೋಟಾದಲ್ಲೇ ಸೇರಿದೆ, ಈಗ ಮುಂಬೈ ಪೊಲೀಸ್‌ನಲ್ಲಿ ಇದ್ದೇನೆ. ವಯಸ್ಸಿನ ಭಯ ಬೇಡ. ಮಹಾರಾಷ್ಟ್ರದ ಭರ್ತಿಯಲ್ಲಿ ಖುಲ್ಲಾ ವರ್ಗಕ್ಕೆ, ಅಂದರೆ ಮೀಸಲಾತಿ ಇಲ್ಲದ ಸಾಮಾನ್ಯ ವರ್ಗಕ್ಕೆ, 28 ವರ್ಷದ ಮಿತಿ, ಆಟಗಾರರಿಗೆ ಐದು ವರ್ಷ ಸಡಿಲಿಕೆ, ಅಂದರೆ 33. ಬಿಎಸ್‌ಎಫ್ ಥರದ ಕೇಂದ್ರ ಪಡೆಗಳ ಕ್ರೀಡಾ ಕೋಟಾದಲ್ಲಿ 23ಕ್ಕೇ ಬಾಗಿಲು ಮುಚ್ಚುತ್ತದೆ, ಹಾಗಾಗಿ ನಿಮ್ಮ ತಮ್ಮನಿಗೆ ರಾಜ್ಯ ಪೊಲೀಸೇ ದಾರಿ.

ಕೋಟಾ ಅಂದ ತಕ್ಷಣ ಪರೀಕ್ಷೆ ಇಲ್ಲ ಅಂತ ತುಂಬ ಹುಡುಗರು ತಿಳಿದಿರುತ್ತಾರೆ. ಎಲ್ಲರ ಜೊತೆ ಅದೇ ಮೈದಾನ, ಅದೇ ಪ್ರಶ್ನೆಪತ್ರಿಕೆ. ಶೇಕಡಾ 5 ಜಾಗ ಆಟಗಾರರಿಗೆ ಬೇರೆ ಇರುತ್ತದೆ, ಅಷ್ಟೇ. ಮೈದಾನದ ಪರೀಕ್ಷೆ 50 ಅಂಕಕ್ಕೆ: 1600 ಮೀಟರ್ ಓಟಕ್ಕೆ 20, 100 ಮೀಟರ್‌ಗೆ 15, ಗೋಳಾ ಅಂದರೆ ಗುಂಡು ಎಸೆತಕ್ಕೆ 15. 1600 ಮೀಟರನ್ನು 5 ನಿಮಿಷ 10 ಸೆಕೆಂಡ್‌ನಲ್ಲಿ ಮುಗಿಸಿದರೆ ಪೂರ್ತಿ ಅಂಕ. ಕಬಡ್ಡಿಯವರಿಗೆ ಕಷ್ಟ ಆಗೋದು ಇಲ್ಲೇ. ರೇಡರ್ ದೇಹ 30 ಸೆಕೆಂಡ್ ಪೂರ್ತಿ ಶಕ್ತಿ ಸುರಿದು ಆಮೇಲೆ ಉಸಿರು ತಗೊಳ್ಳೋದಕ್ಕೆ ಪಳಗಿರುತ್ತದೆ, ಒಂದೇ ವೇಗದಲ್ಲಿ ಐದು ನಿಮಿಷ ಓಡೋದು ಬೇರೆಯದೇ ಕೆಲಸ. ತೂಕವೂ ಜಾಸ್ತಿ ಇರುತ್ತದೆ. ಮೂರು ನಾಲ್ಕು ಕಿಲೋ ಇಳಿಸಿದರೆ ಮೊಣಕಾಲಿಗೂ ಒಳ್ಳೆಯದು.

ಗೋಳಾ ಮರೆಯಬೇಡಿ. 7.26 ಕಿಲೋ ಗುಂಡನ್ನು ಎಂಟೂವರೆ ಮೀಟರ್ ಎಸೆದರೆ 15ಕ್ಕೆ 15. ತೋಳಿನಲ್ಲಿ ಬಲ ಇದೆ, ಎಸೆದುಬಿಡ್ತೀನಿ ಅನ್ನೋರು ಆರು ಮೀಟರ್‌ಗೇ ನಿಲ್ಲುತ್ತಾರೆ. ಕಾಲು, ಸೊಂಟ ತಿರುಗಿಸೋದನ್ನು ಯಾರಾದರೂ ಕೋಚ್ ಹತ್ತಿರ ನಿಂತು ಕಲಿಯಲಿ, ಬೇಗ ಬರುತ್ತದೆ.

ಆದರೆ ಅಕ್ಕ, ನಿಜವಾದ ಗೋಡೆ ಲಿಖಿತ ಪರೀಕ್ಷೆ. 100 ಅಂಕ, 90 ನಿಮಿಷ, ಪೂರ್ತಿ ಮರಾಠಿಯಲ್ಲಿ. ಅಂಕಗಣಿತ, ಸಾಮಾನ್ಯ ಜ್ಞಾನ, ಬುದ್ಧಿಮತ್ತೆ, ಮರಾಠಿ ವ್ಯಾಕರಣ. ಮೈದಾನದಲ್ಲಿ ಮರಾಠಿ ಮಾತಾಡಿ ಬೆಳೆದ ಹುಡುಗನಿಗೂ ಸಮಾಸ, ಪ್ರಯೋಗ, ವಾಕ್ಪ್ರಚಾರ (ನುಡಿಗಟ್ಟು) ಅಂತ ಕೇಳಿದರೆ ತಲೆ ತಿರುಗುತ್ತದೆ. ಕನ್ನಡ ಶಾಲೆಯಲ್ಲಿ ಓದಿದವನಿಗೆ ಇನ್ನೂ ಜಾಸ್ತಿ. ಬೆಳಿಗ್ಗೆ ಓಟಕ್ಕೆ ಎದ್ದ ಹಾಗೆ ಸಂಜೆ ಪುಸ್ತಕ ಹಿಡಿದು ಕೂರಬೇಕು. 2024ರಲ್ಲಿ 17 ಸಾವಿರ ಚಿಲ್ಲರೆ ಹುದ್ದೆಗೆ 17 ಲಕ್ಷಕ್ಕಿಂತ ಹೆಚ್ಚು ಅರ್ಜಿ ಬಂದಿದ್ದವು. ಅಷ್ಟು ಜನರಲ್ಲಿ ವರ್ಷಗಟ್ಟಲೆ ಅಕಾಡೆಮಿಯಲ್ಲಿ ಕೂತು ಇದನ್ನೇ ಓದಿದವರು ಎಷ್ಟೋ ಮಂದಿ ಇರುತ್ತಾರೆ.

ಮುಲುಂಡ್ ಶೆಟ್ರು:

ಮೇಲಿನವರು ಹೇಳಿದ್ದು ಸರಿ. ನಾನು ಕಾಗದಪತ್ರದ ಬಗ್ಗೆ ಹೇಳುತ್ತೇನೆ, ನಮ್ಮ ಊರಿನ ಹುಡುಗರು ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಲೀಗ್‌ನಲ್ಲಿ ಎಷ್ಟೇ ಪಾಯಿಂಟ್ ತೆಗೆದಿರಲಿ, ಕೋಟಾಕ್ಕೆ ಆಧಾರ ಮಾನ್ಯತೆ ಇರುವ ಸಂಘ ನಡೆಸಿದ ಅಧಿಕೃತ ಚಾಂಪಿಯನ್‌ಶಿಪ್‌ನ ಪ್ರಮಾಣಪತ್ರ. ನಿಮ್ಮ ತಮ್ಮನ ಹತ್ತಿರ ರಾಷ್ಟ್ರೀಯ ಪದಕ ಇದೆಯಲ್ಲ, ಅದೇ ಅವನ ಆಸ್ತಿ. ಅದನ್ನು ಕ್ರೀಡಾ ಇಲಾಖೆಯ ವಿಭಾಗೀಯ ಉಪಸಂಚಾಲಕರ (ಉಪನಿರ್ದೇಶಕರ) ಕಚೇರಿಯಲ್ಲಿ ಪಡತಾಳಣಿ, ಅಂದರೆ ಪರಿಶೀಲನೆ, ಮಾಡಿಸಬೇಕು. ಟ್ರ್ಯಾಂಪೊಲಿನ್ ಆಟದ ಹೆಸರಿನಲ್ಲಿ ನಕಲಿ ಪ್ರಮಾಣಪತ್ರ ಕೊಟ್ಟು ನೌಕರಿ ಹಿಡಿದವರ ಪ್ರಕರಣ ಈ ರಾಜ್ಯದಲ್ಲಿ ಹೊರಬಿದ್ದಿದೆ, ಹಾಗಾಗಿ ಈಗ ಪ್ರತಿ ಕಾಗದವನ್ನೂ ತಿರುಗಿಸಿ ನೋಡುತ್ತಾರೆ. ಜಾಹೀರಾತು ಬಂದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ.

ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಅನ್ನೋ ಪ್ರಮಾಣಪತ್ರ, ಬೇಕು. ಇಲ್ಲೇ ಹುಟ್ಟಿದವನು, ಅದಕ್ಕೆ ತೊಂದರೆ ಆಗಲಿಕ್ಕಿಲ್ಲ. ಜಾತಿ ಪ್ರಮಾಣಪತ್ರದ ವಿಷಯ ಮಾತ್ರ ಬೇರೆ. ಕರ್ನಾಟಕದಲ್ಲಿ ಮಾಡಿಸಿದ ಪ್ರಮಾಣಪತ್ರ ಇಲ್ಲಿಯ ಮೀಸಲಾತಿಗೆ ನಡೆಯುವುದಿಲ್ಲ. ಒಬಿಸಿ ಆದರೆ 1967ರ ಅಕ್ಟೋಬರ್ 13ಕ್ಕಿಂತ ಮೊದಲೇ ಕುಟುಂಬ ಮಹಾರಾಷ್ಟ್ರದಲ್ಲಿ ಇತ್ತು ಅನ್ನೋ ದಾಖಲೆ ಕೇಳುತ್ತಾರೆ. ಅಜ್ಜನ ಹಳೆಯ ಹೋಟೆಲ್ ಲೈಸೆನ್ಸ್, ಶಾಲೆಯ ದಾಖಲೆ, ಚಾಳಿನ ಬಾಡಿಗೆ ರಸೀದಿ, ಏನಾದರೂ ಇದ್ದರೆ ಹುಡುಕಿ. ಇಲ್ಲದಿದ್ದರೆ ಅದರ ಹಿಂದೆ ಬಿದ್ದು ವರ್ಷ ಕಳೆಯಬೇಡಿ, ಖುಲ್ಲಾ ವರ್ಗದಲ್ಲೂ ಆಟಗಾರರ ಜಾಗ ಇರುತ್ತದೆ.

ಬಾಲೇವಾಡಿಯಿಂದ:

ಪುಣೆಯಲ್ಲಿ ಕುಸ್ತಿ, ಕಬಡ್ಡಿ ಹುಡುಗರ ಜೊತೆ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರ ಬಾಯಲ್ಲಿ ಇವೇ ಹೆಸರು ಬರುತ್ತವೆ: ಕುಸ್ತಿಯ ರಾಹುಲ್ ಆವಾರೆ ಡಿವೈಎಸ್‌ಪಿ ಆದ, ವಿಜಯ್ ಚೌಧರಿ ಡಿವೈಎಸ್‌ಪಿ ಆದ, ಕಬಡ್ಡಿಯ ಅಜಯ್ ಠಾಕೂರ್ ಹಿಮಾಚಲದಲ್ಲಿ ಡಿಎಸ್‌ಪಿ. ಅವರೆಲ್ಲ ನಿಜವಾಗಿಯೂ ದೊಡ್ಡವರು. ಆವಾರೆ 2018ರ ಕಾಮನ್‌ವೆಲ್ತ್ ಚಿನ್ನ, 2019ರ ವಿಶ್ವ ಚಾಂಪಿಯನ್‌ಶಿಪ್ ಕಂಚು ಗೆದ್ದವರು. ಚೌಧರಿ 2014ರಿಂದ 2016ರವರೆಗೆ ಸತತ ಮೂರು ಸಲ ಮಹಾರಾಷ್ಟ್ರ ಕೇಸರಿ, ಅಂದರೆ ರಾಜ್ಯದ ಕುಸ್ತಿ ಪ್ರಶಸ್ತಿ ಗೆದ್ದವರು. ಅಂಥ ಸಾಧನೆಗೆ ಸರ್ಕಾರ ನೇರ ನೇಮಕ ಕೊಡುತ್ತದೆ. ಆ ಬಾಗಿಲು ಬೇರೆ, ಭರ್ತಿಯ ಬಾಗಿಲು ಬೇರೆ. ಅಧಿಕಾರಿ ಆಗ್ತೀನಿ, ಇಲ್ಲಾಂದ್ರೆ ಬೇಡ ಅಂತ ಕಾದು ಕೂತು ವಯಸ್ಸು ಮೀರಿಸಿಕೊಂಡ ಒಳ್ಳೊಳ್ಳೆ ಹುಡುಗರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ನಿಮ್ಮ ತಮ್ಮ ಕಾನ್‌ಸ್ಟೇಬಲ್ ಅಂತ ಬಾಯಿಬಿಟ್ಟು ಹೇಳುತ್ತಿದ್ದಾನೆ, ಅದಕ್ಕೇ ಅವನ ಮೇಲೆ ನನಗೆ ನಂಬಿಕೆ.

ಒಳಗೆ ಹೋದ ಮೇಲೂ ದಾರಿ ಇದೆ. ಪಿಎಸ್‌ಐ ಹುದ್ದೆಗಳಲ್ಲಿ ಶೇಕಡಾ 25ನ್ನು ಇಲಾಖೆಯ ಒಳಗಿನವರಿಗೇ ಪರೀಕ್ಷೆ ಇಟ್ಟು ತುಂಬುತ್ತಾರೆ. ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎಗೆ ಈಗಲೇ ಸೇರಿಸಿ, ಮುಂದೆ ಕೆಲಸಕ್ಕೆ ಬರುತ್ತದೆ.

ವರ್ಳಿ ಪೊಲೀಸ್ ಲೈನ್:

ನಾನು ಪೊಲೀಸರ ಮನೆಯವಳು. ನಿಮ್ಮ ಅಪ್ಪನ ಮಾತಿಗೆ ಉತ್ತರ ಕೊಡಬೇಕು ಅನಿಸಿತು. ಜೋಗಿಂದರ್ ಶರ್ಮಾ ಗೊತ್ತಲ್ವಾ, 2007ರ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್ ಹಾಕಿದವರು? 2020ರ ಲಾಕ್‌ಡೌನ್‌ನಲ್ಲಿ ಹರಿಯಾಣದ ರಸ್ತೆಯಲ್ಲಿ ಮಾಸ್ಕ್ ಹಾಕಿ ಡ್ಯೂಟಿಗೆ ನಿಂತಿದ್ದರು. ಇಡೀ ದೇಶ ಗೌರವದಿಂದ ನೋಡಿತು. ರಸ್ತೆಯಲ್ಲಿ ನಿಲ್ಲುವುದರಲ್ಲಿ ಮರ್ಯಾದೆ ಕಡಿಮೆ ಆಗುವಂಥದ್ದು ಏನೂ ಇಲ್ಲ, ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಆದರೆ ಕಷ್ಟ ಏನು ಅಂತ ಗೊತ್ತಿದ್ದು ಬರಲಿ. ಗಣಪತಿ ಹತ್ತು ದಿನ ಬಂದೋಬಸ್ತ್, ಲಾಲ್‌ಬಾಗ್ ಅಥವಾ ಗಿರ್‌ಗಾಂವ್ ಚೌಪಾಟಿಯಲ್ಲಿ ರಾತ್ರಿ ಹಗಲು ನಿಂತೇ ಇರುತ್ತಾರೆ. ಹಬ್ಬಕ್ಕೆ ರಜೆ ಕೇಳಬೇಡಿ. 2016ರಲ್ಲಿ ದೇವನಾರ್ ಠಾಣೆಯಲ್ಲಿ ಎಂಟು ಗಂಟೆ ಡ್ಯೂಟಿಯ ಪ್ರಯೋಗ ಶುರುವಾದಾಗ ನಮ್ಮ ಲೈನ್‌ನ, ಅಂದರೆ ಪೊಲೀಸ್ ವಸತಿಯ, ಹೆಂಗಸರು ಎಷ್ಟು ಖುಷಿಪಟ್ಟಿದ್ದೆವು ಅಂದರೆ, ಅದೇ ಹೇಳುತ್ತದೆ ಮೊದಲು ಹೇಗಿತ್ತು ಅಂತ. ಬಂದೋಬಸ್ತ್ ಬಂದರೆ ಇವತ್ತಿಗೂ ಗಂಟೆ ಲೆಕ್ಕ ಇರೋದಿಲ್ಲ. ಮೂಲ ವೇತನ 21,700ರಿಂದ ಶುರು, ಮೇಲೆ ಭತ್ಯೆಗಳು. ಹರಾಜಿನ ಲಕ್ಷಗಳನ್ನು ನೋಡಿದ ಹುಡುಗನಿಗೆ ಮೊದಲ ಸಂಬಳ ಚಿಕ್ಕದಾಗಿ ಕಾಣಬಹುದು, ಆದರೆ ಅದು ಪ್ರತಿ ತಿಂಗಳು ಬರುತ್ತದೆ, ಮೊಣಕಾಲು ನೋವಾದರೂ ಬರುತ್ತದೆ.

ಒಂದು ಒಳ್ಳೆಯ ವಿಷಯವನ್ನೂ ಹೇಳಲೇಬೇಕು. ಆಟದಿಂದ ಬಂದವರು ಗದ್ದಲದಲ್ಲಿ ಬೇಗ ಕೈ ಎತ್ತುವುದಿಲ್ಲ. ಎದುರಿನವನು ಕೆಣಕುತ್ತಿದ್ದಾನೆ ಅಂತ ಗೊತ್ತಾದರೂ ತಡೆದುಕೊಳ್ಳುತ್ತಾರೆ, ಹಿರಿಯರು ಹೇಳಿದ ಜಾಗ ಬಿಟ್ಟು ಹೋಗುವುದಿಲ್ಲ. ಜನ ತುಂಬಿದ ಈ ಊರಿಗೆ ಇಂಥ ಪೊಲೀಸರೇ ಬೇಕು.

ಭಾಂಡೂಪ್ ಅಕ್ಕ:

ಎಲ್ಲರಿಗೂ ತುಂಬ ಧನ್ಯವಾದ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಆದರೆ ಅಜ್ಜನ ಕಾಲದ ಕಾಗದದ ಟ್ರಂಕ್ ಅಟ್ಟದಿಂದ ಇಳಿಸಿದ್ದಾರೆ. ತಮ್ಮನ ಒಂದು ಪ್ರಶ್ನೆ: ಸೇರಿದ ಮೇಲೆ ಕಬಡ್ಡಿ ಪೂರ್ತಿ ನಿಲ್ಲುತ್ತಾ?

ನಾಯ್ಗಾಂವ್ ಓಟಗಾರ:

ನಿಲ್ಲುವುದಿಲ್ಲ ಅಕ್ಕ. ಟ್ರೇನಿಂಗ್ ಮುಗಿಯೋವರೆಗೆ, ಅಂದರೆ ಸುಮಾರು ಒಂಬತ್ತು ತಿಂಗಳು, ಬೇರೆ ಯೋಚನೆ ಬೇಡ. ಆಮೇಲೆ ಪೊಲೀಸ್ ಕ್ರೀಡಾಕೂಟಗಳಿವೆ, ಚೆನ್ನಾಗಿ ಆಡಿದರೆ ಮಹಾರಾಷ್ಟ್ರ ಪೊಲೀಸ್ ತಂಡ, ಅಲ್ಲಿಂದ ಅಖಿಲ ಭಾರತ ಪೊಲೀಸ್ ಕ್ರೀಡೆ. ಹೊರಗಿನ ಲೀಗ್ ಆಡಬೇಕಾದರೆ ಇಲಾಖೆಯ ಅನುಮತಿ ಬೇಕು, ಪ್ರತಿ ಸಲ ಸಿಗುತ್ತದೆ ಅಂತ ನಂಬಿಕೊಂಡು ಕೂರಬಾರದು. ಸದ್ಯಕ್ಕೆ ಪದಕದ ಪ್ರಮಾಣಪತ್ರದ ಪಡತಾಳಣಿಗೆ ಅರ್ಜಿ ಹಾಕಲಿ, ಹಳೆಯ ಭರ್ತಿಗಳ ಪ್ರಶ್ನೆಪತ್ರಿಕೆ ತಂದು ಗಡಿಯಾರ ಇಟ್ಟು ಬರೆಯಲಿ. ಮರಾಠಿ ವ್ಯಾಕರಣಕ್ಕೆ ಯಾರೂ ಸಿಗದಿದ್ದರೆ ಭಾನುವಾರ ನಾಯ್ಗಾಂವ್ ಮೈದಾನದ ಹತ್ತಿರ ಬರೋಕೆ ಹೇಳಿ, ನಾನು ಓದಿದ ಪುಸ್ತಕಗಳು ಇನ್ನೂ ನನ್ನ ಹತ್ತಿರವೇ ಇವೆ, ಕೊಡುತ್ತೇನೆ.