‘ಲೆವೆಲ್’ಗೆ ಹಂತ, ಮಟ್ಟ, ನೆಲೆ: ಯಾವುದು ಎಲ್ಲಿ?

ಮಾನ್ಯರೇ,

‘ಡಯಾಬ್ಲೊ’ ಎಂಬ ಕಂಪ್ಯೂಟರ್ ಆಟವನ್ನು ಆಡುವ ಕ್ರಮವನ್ನು ಕನ್ನಡದಲ್ಲಿ ವಿವರಿಸಲು ಹೊರಟ ನನ್ನನ್ನು ‘ಲೆವೆಲ್’ ಎಂಬ ಒಂದೇ ಪದ ಕಟ್ಟಿಹಾಕಿದೆ. 1996 ಮುಗಿದು 1997 ಆರಂಭವಾಗುವ ಹೊತ್ತಿಗೆ ಬಂದ ಈ ಆಟದಲ್ಲಿ ಆ ಪದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ರಾಕ್ಷಸರನ್ನು ಕೊಂದು ಗಳಿಸಿದ ಅನುಭವದಿಂದ ಪಾತ್ರದ ಲೆವೆಲ್ ಏರುತ್ತದೆ. ಪ್ರತಿ ಏರಿಕೆಗೂ ಸಿಗುವ 5 ಅಂಕಗಳನ್ನು ದೇಹಬಲ, ಮಂತ್ರಬಲ, ಕೈಚಳಕ, ಜೀವಬಲಗಳಿಗೆ ನಾವೇ ಹಂಚಬೇಕು. ಇಗರ್ಜಿಯ ಅಡಿಯಲ್ಲಿ ಒಂದರ ಕೆಳಗೊಂದರಂತೆ 16 ಲೆವೆಲ್‌ಗಳಿವೆ. ಒಂದೇ ಮಂತ್ರದ ಪುಸ್ತಕವನ್ನು ಮತ್ತೊಮ್ಮೆ ಓದಿದರೆ ಆ ಮಂತ್ರದ ಲೆವೆಲ್ಲೂ ಹೆಚ್ಚುತ್ತದೆ.

ರೂಢಿಯಂತೆ ಎಲ್ಲಕ್ಕೂ ‘ಹಂತ’ ಎಂದು ಬರೆದಾಗ ಬಂದ ವಾಕ್ಯ ಇದು: ‘20ನೆಯ ಹಂತದ ಯೋಧನು 2ನೆಯ ಹಂತಕ್ಕೆ ಇಳಿದು 1ನೆಯ ಹಂತದ ಮಂತ್ರದಿಂದ ರಾಕ್ಷಸರನ್ನು ಕೊಂದರೆ ಅನುಭವ ಸಿಗುವುದಿಲ್ಲ.’ ತನಗಿಂತ ತೀರ ದುರ್ಬಲರನ್ನು ಕೊಂದವನಿಗೆ ಆಟ ಏನನ್ನೂ ಕೊಡುವುದಿಲ್ಲವಾದ್ದರಿಂದ ಸಂಗತಿ ನಿಜವೇ, ಆದರೆ ಓದುಗ ಮೂರು ಕಡೆ ಮುಗ್ಗರಿಸುತ್ತಾನೆ.

ಯಾವ ಪದ ಯಾವ ಕ್ರಿಯಾಪದದೊಡನೆ ಹೊಂದುತ್ತದೆ ಎಂದು ನೋಡಿದಾಗ ಸ್ವಲ್ಪ ದಾರಿ ಕಂಡಿತು. ನೀರಿನ ಮಟ್ಟ ಏರುವಂತೆ ಪಾತ್ರದ ‘ಮಟ್ಟ’ವೂ ಸಹಜವಾಗಿ ಏರಬಲ್ಲದು. ಹಂತವನ್ನಾದರೋ ನಾವು ದಾಟುತ್ತೇವೆ. ಹಾಗಾಗಿ ಇಗರ್ಜಿ, ಶವಗುಹೆ, ಬೆಟ್ಟದ ಗುಹೆ, ನರಕ ಎಂದು ನಾಲ್ಕು ನಾಲ್ಕು ಲೆವೆಲ್‌ಗಳ ಗುಂಪಾಗಿರುವ ಆ ನಾಲ್ಕು ಭಾಗಗಳಿಗೆ ‘ಹಂತ’ವನ್ನು ಮೀಸಲಿಡಬಹುದು. ಒಂದೊಂದು ಅಂತಸ್ತಿಗೆ ‘ಅಂತಸ್ತು’ ಎಂದೇ ಬರೆಯಲು ನನಗೆ ಹಿಂಜರಿಕೆ, ಏಕೆಂದರೆ ಆ ಪದ ಕಟ್ಟಡದಲ್ಲಿ ಮೇಲಕ್ಕೆ ಎಣಿಸುತ್ತದೆ, ಮನುಷ್ಯರಿಗೆ ಹೇಳಿದರೆ ಸ್ಥಾನಮಾನವೂ ಆಗುತ್ತದೆ. ‘ಏಳು ನೆಲೆಯ ಮಾಡ’ (ಏಳು ಅಂತಸ್ತಿನ ಮನೆ) ಎಂಬಲ್ಲಿನ ‘ನೆಲೆ’ ನನಗೆ ಹಿಡಿಸಿದೆ. ಇಂದು ಅದಕ್ಕೆ ಬೀಡು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ, ನಿಜ. ಆದರೆ ಪ್ರತಿ ನೆಲೆಯೂ ರಾಕ್ಷಸರ ಬೀಡೇ ಆಗಿರುವಾಗ ಈ ಗೊಂದಲದಿಂದ ನಷ್ಟವೇನಿಲ್ಲ.

(ಮಂತ್ರ ಹಾಕಲು ಖರ್ಚಾಗುವ ‘ಮಾನಾ’ವನ್ನು ಹಾಗೆಯೇ ಉಳಿಸಿದ್ದೇನೆ. ದೀರ್ಘ ತಪ್ಪಿದರೆ ‘ಯೋಧನ ಮಾನ ಹೋಯಿತು’ ಎಂದಾಗುತ್ತದೆ!)

ಮಂತ್ರದ ಲೆವೆಲ್ ಮಾತ್ರ ಬಗೆಹರಿದಿಲ್ಲ. ಮತ್ತೆ ಮತ್ತೆ ಓದುವುದರಿಂದ ಬರುವುದಾದ್ದರಿಂದ ‘ಆವೃತ್ತಿ’ ಸೂಕ್ತವೆನಿಸಿತು, ಆದರೆ ‘ಮಂತ್ರದ 3ನೆಯ ಆವೃತ್ತಿ’ ಎಂದರೆ ಪುಸ್ತಕದ ಮರುಮುದ್ರಣವೆಂದೇ ತೋರುತ್ತದೆ. ‘ಸಿದ್ಧಿ’ ಮಂತ್ರಕ್ಕೆ ಒಪ್ಪುವ ಪದ, ಆದರೆ ಸಿದ್ಧಿ ಆಯಿತು ಅಥವಾ ಆಗಲಿಲ್ಲ ಎನ್ನುತ್ತೇವೆಯೇ ಹೊರತು ಅದನ್ನು ಎಣಿಸುವುದಿಲ್ಲ. ‘3ನೆಯ ಸಿದ್ಧಿ’ ಎಂಬ ಪ್ರಯೋಗ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಓದಿ ಹೆಚ್ಚಿಸಿಕೊಳ್ಳುವ ಬಲಕ್ಕೆ ಎಣಿಕೆಗೂ ಒದಗುವ ಬೇರೆ ಪದವಿದೆಯೇ?