ರೆಡಿಂಗ್ ಮನೆಗೆ ಸಾಲಿಸಿಟರ್ ಹಿಡಿಯುವ ವಿಚಾರ

ಪುಟ್ಟಾ, ನಿನ್ನ ಮೆಸೇಜನ್ನೂ ಅದರ ಕೆಳಗೆ ಮೈಸೂರಿನಿಂದ ದೊಡ್ಡಪ್ಪ ಕೇಳಿರುವ ಪ್ರಶ್ನೆಯನ್ನೂ ಈಗ ನೋಡಿದೆ. ಇಂಗ್ಲೆಂಡಿನ ರೆಡಿಂಗ್‌ನ ಮನೆಗೆ ನೀವು ಹೇಳಿದ 4,25,000 ಪೌಂಡಿಗೆ ಮಾರುವವರು ಒಪ್ಪಿದ್ದಾರೆ. ತಮಗೆ ಗೊತ್ತಿರುವ ಸಾಲಿಸಿಟರನ್ನೇ, ಅಂದರೆ ಮನೆ ಕೊಳ್ಳುವ ಕಾನೂನು ಕೆಲಸ ನೋಡುವ ವಕೀಲರನ್ನೇ, ಹಿಡಿದರೆ ಕೆಲಸ ಬೇಗ ಆಗುತ್ತದೆ ಎಂದು ಎಸ್ಟೇಟ್ ಏಜೆಂಟರು ಹೇಳುತ್ತಿದ್ದಾರೆ. ಅವರ ಮಾತು ಕೇಳಬಹುದೇ ಎಂಬುದು ನಿನ್ನ ಪ್ರಶ್ನೆ. ಉತ್ತರ ಉದ್ದವಾಗುತ್ತದೆ, ಇಬ್ಬರೂ ಬಿಡುವು ಮಾಡಿಕೊಂಡು ಕೇಳಿಸಿಕೊಳ್ಳಿ.

ಮೊದಲು ದೊಡ್ಡಪ್ಪನವರಿಗೆ. ಇಸಿ ತೆಗೆಸಿದ್ದಾರಾ, ಖಾತಾ ಯಾರ ಹೆಸರಿನಲ್ಲಿದೆ ಎಂದು ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ಆ ಪದ್ಧತಿ ಇಲ್ಲ ದೊಡ್ಡಪ್ಪ. ಇಲ್ಲಿ ಬಹುಪಾಲು ಮನೆಗಳ ಮಾಲೀಕತ್ವ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾಗಿರುತ್ತದೆ, ಆ ದಾಖಲೆಗೆ ಸರ್ಕಾರದ ಖಾತರಿಯೂ ಇದೆ. ಮಾಲೀಕರು ಯಾರು, ಮನೆಯ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದನ್ನು 7 ಪೌಂಡ್ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹಾಗಾಗಿ ಹಳೆಯ ಪತ್ರಗಳನ್ನು ತಲೆಮಾರಿನಿಂದ ತಲೆಮಾರಿಗೆ ಜಾಲಾಡುವ ಕೆಲಸ ಕಡಿಮೆ. ಸಾಲಿಸಿಟರ್ ಬೇಕಾಗುವುದು ಬೇರೆ ಕಾರಣಗಳಿಗೆ.

ಈಗ ಏಜೆಂಟರ ಮಾತಿಗೆ ಬರೋಣ. ಆಫರ್ ಒಪ್ಪಿಗೆಯಾದರೂ ಕರಾರು ಪತ್ರಗಳ ವಿನಿಮಯ, ಅಂದರೆ ಎಕ್ಸ್‌ಚೇಂಜ್, ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಮಾರುವವರು ಹೆಚ್ಚು ಹಣ ಕೊಡುವ ಬೇರೆಯವರ ಕಡೆಗೂ ವಾಲಬಹುದು. ಆದ್ದರಿಂದ ಬೇಗ ಆಗಬೇಕು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಏಜೆಂಟರು ಕೆಲಸ ಮಾಡುವುದು ಮಾರುವವರ ಪರವಾಗಿ, ಮತ್ತು ಗಿರಾಕಿಯನ್ನು ಕಳುಹಿಸಿದ್ದಕ್ಕೆ ಸಾಲಿಸಿಟರ್ ಕಡೆಯಿಂದ ಅವರಿಗೆ ರೆಫರಲ್ ಶುಲ್ಕ ಬರುವುದು ಇಲ್ಲಿ ಮಾಮೂಲು. ಎಷ್ಟು ಬರುತ್ತದೆ ಎಂದು ನೇರವಾಗಿ ಕೇಳು, ಅದನ್ನು ಅವರು ತಿಳಿಸಲೇಬೇಕು. ಅವರು ಹೇಳಿದವರನ್ನೇ ಹಿಡಿಯಬೇಕೆಂಬ ಕಟ್ಟಳೆ ಯಾವುದೂ ಇಲ್ಲ.

ಸಾಲಿಸಿಟರ್ ಆಗಲಿ, ಆಸ್ತಿ ವರ್ಗಾವಣೆಯ ಕೆಲಸಕ್ಕೆ ಪರವಾನಗಿ ಪಡೆದ ಲೈಸೆನ್ಸ್ಡ್ ಕನ್ವೇಯನ್ಸರ್ ಆಗಲಿ, ಇಬ್ಬರೂ ಈ ಕೆಲಸ ಮಾಡಬಹುದು. ಮೊದಲನೆಯವರ ಮೇಲೆ ಎಸ್‌ಆರ್‌ಎ, ಎರಡನೆಯವರ ಮೇಲೆ ಸಿಎಲ್‌ಸಿ ಎಂಬ ನಿಯಂತ್ರಕ ಸಂಸ್ಥೆಯ ಕಣ್ಣಿರುತ್ತದೆ. ನೀನು ತಪ್ಪದೆ ಕೇಳಬೇಕಾದದ್ದು ನಿನಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕು ಒಪ್ಪಿದ ವಕೀಲರ ಪಟ್ಟಿಯಲ್ಲಿ, ಅವರಿದ್ದಾರೆಯೇ ಎಂಬುದನ್ನು. ಇಲ್ಲದಿದ್ದರೆ ಬ್ಯಾಂಕು ತನ್ನ ಪರವಾಗಿ ಇನ್ನೊಬ್ಬ ವಕೀಲರನ್ನು ಇಡಬಹುದು, ಆ ಖರ್ಚು ನಿನ್ನ ತಲೆಗೇ ಬರುತ್ತದೆ. ಆಮೇಲೆ ಫೋನ್ ಮಾಡಿ ನಿಮ್ಮ ಫೈಲನ್ನು ನೋಡುವವರು ಯಾರು, ಅವರು ರಜೆ ಹಾಕಿದರೆ ಯಾರು, ಅವರ ನೇರ ನಂಬರ್ ಸಿಗುತ್ತದೆಯೇ ಎಂದು ವಿಚಾರಿಸು. ನನಗೆ ಗೊತ್ತಿರುವ ಒಂದು ದಂಪತಿ ಕಡಿಮೆ ದರ ನೋಡಿ ಆನ್‌ಲೈನ್ ಸಂಸ್ಥೆಯೊಂದನ್ನು ಹಿಡಿದಿದ್ದರು. ಪ್ರತಿ ಇಮೇಲಿಗೂ ಬೇರೆ ಬೇರೆಯವರು ಉತ್ತರಿಸುತ್ತಿದ್ದರು, ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ದರಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದು. ಮೇಲೆ ದೊಡ್ಡದಾಗಿ ಕಾಣುವ ಮೊತ್ತಕ್ಕೆ ಶೇ. 20ರ ವ್ಯಾಟ್, ಸರ್ಚ್ ಎನ್ನುವ ದಾಖಲೆ ತಪಾಸಣೆಗಳ ಖರ್ಚು, ರಿಜಿಸ್ಟ್ರಿ ಶುಲ್ಕ, ಬ್ಯಾಂಕ್ ವರ್ಗಾವಣೆಯ ಶುಲ್ಕ, ಗುರುತಿನ ತಪಾಸಣೆ, ಕೊನೆಗೆ ಉಡುಗೊರೆ ಹಣ ಬಂದರೆ ಅದಕ್ಕೊಂದು ಹೆಚ್ಚುವರಿ ಶುಲ್ಕ, ಎಲ್ಲವೂ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಕೊಳ್ಳುತ್ತವೆ.

ನಿಮ್ಮ ವಿಷಯದಲ್ಲಿ ದೊಡ್ಡ ಪೆಟ್ಟು ಬೀಳಬಹುದಾದ ಜಾಗ ಇವರ ಫೀಸಲ್ಲ, ಸ್ಟ್ಯಾಂಪ್ ಡ್ಯೂಟಿ. ಇದುವರೆಗೂ ಮನೆ ಹೊಂದಿಲ್ಲದವರಿಗೆ ಈ ಬೆಲೆಗೆ ಈಗಿನ ದರದಲ್ಲಿ 6,250 ಪೌಂಡ್ ಆಗುತ್ತದೆ. ನೀನು ಅದನ್ನೇ ಲೆಕ್ಕ ಹಾಕಿರಬಹುದು. ಆದರೆ ನಿನ್ನ ಹೆಂಡತಿಯ ಹೆಸರು ಅವಳ ತಂದೆಯವರ ಜೊತೆ ಬೆಂಗಳೂರಿನ ಫ್ಲಾಟಿನಲ್ಲಿದೆಯಲ್ಲವೇ? ಮನೆ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಬ್ಬರ ಹೆಸರಿನಲ್ಲಿ ಕೊಂಡರೆ ಮೊದಲ ಮನೆಯ ರಿಯಾಯಿತಿ ಇಲ್ಲವಾಗಿ ಡ್ಯೂಟಿ 11,250 ಆಗುತ್ತದೆ. ಫ್ಲಾಟಿನಲ್ಲಿ ಅವಳ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಎರಡನೇ ಮನೆಗೆ ಹಾಕುವ ಶೇ. 5ರ ಹೆಚ್ಚುವರಿ ತೆರಿಗೆಯೂ ಸೇರಿ ಒಟ್ಟು 32,500ಕ್ಕೆ ಹೋಗಿ ನಿಲ್ಲುತ್ತದೆ. ನಿನ್ನೊಬ್ಬನ ಹೆಸರಿನಲ್ಲಿ ಕೊಂಡರೆ ತಪ್ಪುತ್ತದೆ ಎಂದುಕೊಳ್ಳಬೇಡ. ಒಟ್ಟಿಗೆ ಬಾಳುತ್ತಿರುವ ಗಂಡಹೆಂಡತಿಯನ್ನು ಈ ಹೆಚ್ಚುವರಿ ತೆರಿಗೆ ಒಂದಾಗಿಯೇ ನೋಡುತ್ತದೆ. ಆದ್ದರಿಂದ ಕೆಲಸ ಒಪ್ಪಿಸುವ ಮೊದಲೇ ಫ್ಲಾಟಿನ ವಿಷಯ ಹೇಳಿ, ಇದರ ಬಗ್ಗೆ ನೀವು ಸಲಹೆ ಕೊಡುತ್ತೀರಾ ಎಂದು ಕೇಳಬೇಕು. ತೆರಿಗೆಯ ಸಲಹೆ ನಮ್ಮ ಕೆಲಸಕ್ಕೆ ಸೇರಿಲ್ಲ ಎಂದು ಹಲವರು ಒಪ್ಪಂದ ಪತ್ರದಲ್ಲೇ ಬರೆದಿರುತ್ತಾರೆ. ಹಾಗಿದ್ದರೆ ತೆರಿಗೆ ತಜ್ಞರೊಬ್ಬರಿಗೆ ಒಂದಿಷ್ಟು ಕೊಟ್ಟು ಕೇಳುವುದೇ ಲೇಸು. ಮನೆ ಕೈಗೆ ಬಂದ 14 ದಿನಗಳೊಳಗೆ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಸಲ್ಲಿಸುವುದು ಸಾಲಿಸಿಟರೇ ಆದರೂ ಅದರಲ್ಲಿರುವ ಮಾಹಿತಿಗೆ ಹೊಣೆ ನೀವು.

ಅತ್ತೆ ಮಾವ ಕಳುಹಿಸುವ ಹಣದ ಕಥೆಯೂ ಹೀಗೆಯೇ. ಹಣ ಎಲ್ಲಿಂದ ಬಂತು ಎಂದು ಕೇಳುವುದು ಸಾಲಿಸಿಟರ್‌ಗೆ ಕಾನೂನಿನ ಕಡ್ಡಾಯ, ಅದನ್ನು ಅವಮಾನವೆಂದು ಹಿರಿಯರು ಭಾವಿಸುವುದು ಬೇಡ. ಅವರ ಗುರುತಿನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಸೈಟು ಮಾರಿದ ಹಣವಾದರೆ ಕ್ರಯಪತ್ರ, ಜೊತೆಗೆ ಇದು ಸಾಲವಲ್ಲ, ಮನೆಯಲ್ಲಿ ನಮಗೆ ಪಾಲು ಬೇಡ ಎಂಬ ಪತ್ರ ಬೇಕಾಗುತ್ತವೆ. ಕ್ರಯಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಕೇಳಬಹುದು, ಈಗಲೇ ಮಾಡಿಸಿಡಿ. ಭಾರತದಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳುಹಿಸಬಹುದಾದ್ದರಿಂದ ಮಿತಿಯ ತೊಂದರೆ ನಿಮಗೆ ಬರಲಾರದು. ಬೇಗ ಬರಲಿ ಎಂದು ಚಿಕ್ಕಪ್ಪ, ಸೋದರಮಾವ, ಭಾವ ಎಂದು ಹಲವರ ಖಾತೆಗಳಿಂದ ಚೂರು ಚೂರಾಗಿ ತರಿಸಬೇಡಿ. ಕಳುಹಿಸಿದ ಒಬ್ಬೊಬ್ಬರ ಬಗ್ಗೆಯೂ ಇದೇ ವಿಚಾರಣೆ ನಡೆಯುತ್ತದೆ.

ಇನ್ನೊಂದು ವಿಷಯ ನಮ್ಮವರಿಗೆ ಆಶ್ಚರ್ಯವೆನಿಸುತ್ತದೆ: ಸಾಲಿಸಿಟರ್ ಸಾಮಾನ್ಯವಾಗಿ ಮನೆಯನ್ನು ನೋಡಲು ಹೋಗುವುದೇ ಇಲ್ಲ. ಅವರ ಮುಂದಿರುವುದು ನಕ್ಷೆ, ಮನೆಯ ವಿವರಗಳನ್ನು ಮಾರುವವರು ತುಂಬಿಕೊಟ್ಟ ಟಿಎ6 ಫಾರಂ, ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದಲೂ ನೀರಿನ ಕಂಪನಿಯಿಂದಲೂ ಬಂದ ಸರ್ಚ್ ವರದಿಗಳು, ಅಷ್ಟೇ. ನೀನು ಕಳುಹಿಸಿದ ಫೋಟೋದಲ್ಲಿ ಅಡುಗೆಮನೆಯನ್ನು ಹಿತ್ತಲಿನ ಕಡೆಗೆ ವಿಸ್ತರಿಸಿದಂತೆ ಕಾಣುತ್ತದೆ, ನಡುವಿನ ಗೋಡೆಯನ್ನೂ ತೆಗೆದಂತಿದೆ, ಪಕ್ಕದ ಓಣಿಯಲ್ಲಿ ನೆರೆಯವರ ಕಸದ ಡಬ್ಬಿಗಳಿವೆ. ಇವೆಲ್ಲವನ್ನೂ ಫೋಟೋ ಸಮೇತ ಅವರಿಗೆ ಬರೆ. ಆಗ ವಿಸ್ತರಣೆಗೆ ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡ ನಿಯಮಗಳ, ಪ್ರಮಾಣಪತ್ರವಿದೆಯೇ, ಓಣಿಯ ಮೇಲೆ ನೆರೆಯವರಿಗೆ ಹಕ್ಕಿದೆಯೇ ಎಂದು ಅವರು ಎದುರು ಪಕ್ಷದವರನ್ನು ಕೇಳುತ್ತಾರೆ. ಪ್ರಮಾಣಪತ್ರ ಸಿಗದಿದ್ದರೆ ಇಂಡೆಮ್ನಿಟಿ ವಿಮೆ ಮಾಡಿಸೋಣ ಎನ್ನಬಹುದು. ಅದು ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟವನ್ನು ಭರಿಸುವ ವಿಮೆ, ಕಳಪೆ ಕಟ್ಟಡವನ್ನು ಗಟ್ಟಿ ಮಾಡುವುದಿಲ್ಲ. ಗೋಡೆಯ ಸ್ಥಿತಿ ತಿಳಿಯಲು ಕಟ್ಟಡ ಪರೀಕ್ಷಿಸುವ ಸರ್ವೇಯರ್ ಬೇಕು, ಬ್ಯಾಂಕಿನ ಮೌಲ್ಯಮಾಪನ ಸಾಲದು. ಒಂದು ಎಚ್ಚರಿಕೆ: ಸಾಲಿಸಿಟರನ್ನು ಕೇಳದೆ ನೀನೇ ಕೌನ್ಸಿಲ್‌ಗೆ ಫೋನ್ ಮಾಡಿ ವಿಚಾರಿಸಬೇಡ, ಹಾಗೆ ಮಾಡಿದರೆ ಆ ವಿಮೆ ಸಿಗದೇ ಹೋಗಬಹುದು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆಯ ಹಕ್ಕಿನ ಬಗ್ಗೆ ಸಾಲಿಸಿಟರ್ ಕಳುಹಿಸುವ ಟೈಟಲ್ ವರದಿಯನ್ನು ಓದದೆ ಸಹಿ ಹಾಕಬೇಡಿ. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ. 10 ಠೇವಣಿ ಹೋಗುತ್ತದೆ, ಮನೆಯ ವಿಮೆಯೂ ಅಂದಿನಿಂದಲೇ ಶುರುವಾಗಬೇಕು. ಹಣ ಕಟ್ಟುವ ಹೊತ್ತಿಗೆ ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ ಅದು ವಂಚನೆಯೆಂದೇ ತಿಳಿದು, ಮೊದಲ ದಿನ ಬರೆದಿಟ್ಟುಕೊಂಡ ನಂಬರಿಗೆ ಫೋನ್ ಮಾಡಿ ಕೇಳಿ. ಆ ಇಮೇಲಿನಲ್ಲಿರುವ ನಂಬರಿಗೆ ಮಾತ್ರ ಮಾಡಬೇಡಿ. ಕೆಲಸ ಸರಿಹೋಗದಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ, 8 ವಾರಗಳಲ್ಲಿ ಇತ್ಯರ್ಥವಾಗದಿದ್ದರೆ ವಕೀಲರ ಮೇಲಿನ ದೂರುಗಳನ್ನು ನೋಡುವ ಲೀಗಲ್ ಓಂಬುಡ್ಸ್‌ಮನ್ ಇದ್ದಾರೆ.

ಏಜೆಂಟರಿಗೆ ಇವತ್ತೇ ಇಲ್ಲ ಎನ್ನುವುದು ಬೇಡ, ಅವರು ಹೇಳಿದವರಿಂದಲೂ ಒಂದು ದರಪಟ್ಟಿ ತರಿಸಿಕೊ, ಹೊರಗಿನ ಇಬ್ಬರಿಂದ ಇನ್ನೆರಡು. ಮೂರನ್ನೂ ನನಗೆ ಪ್ರತ್ಯೇಕವಾಗಿ ಕಳುಹಿಸು. ಗ್ರೂಪಿನಲ್ಲಿ ಹಾಕಿದರೆ ಪೌಂಡನ್ನು ರೂಪಾಯಿಗೆ ಗುಣಿಸಿ ದೊಡ್ಡಮ್ಮ ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ.